ದಡದ ಕಲ್ಲಿಗೆ ಒಡೆಯರಾರು?

ದಾರಿಯಲ್ಲಿ ಬಿದ್ದ ನಾಣ್ಯವನ್ನು ಎತ್ತಿಕೊಳ್ಳಬಾರದೆಂದು ಮಕ್ಕಳಿಗೆ ಹೇಳಿಕೊಡುವುದು ವಾಡಿಕೆ; ಬಿದ್ದ ಕಲ್ಲನ್ನು ಎತ್ತಿಕೊಂಡ ಮಗುವನ್ನು ಗದರಿಸುವವರು ಯಾರೂ ಇಲ್ಲ. ನಾಣ್ಯಕ್ಕೆ ಕಳೆದುಕೊಂಡವನೊಬ್ಬನು ಇರುವನು, ಕಲ್ಲಿಗೆ ಅಂಥವನಿಲ್ಲ ಎಂಬುದೇ ಈ ಭೇದಕ್ಕೆ ಕಾರಣ. ಆದರೆ ಆ ಕಲ್ಲು ನಾಣ್ಯಕ್ಕಿಂತಲೂ ಬೆಲೆಯುಳ್ಳದ್ದಾಗಿ, ಅದರೊಳಗೆ ಭೂಮಿಯ ಪೂರ್ವವೃತ್ತಾಂತದ ಒಂದು ಪುಟವೇ ಅಡಗಿದ್ದರೆ, ಆಗಲೂ ಎತ್ತಿಕೊಂಡವನೇ ಒಡೆಯನೆ? ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಈ ಪ್ರಶ್ನೆಯು ಇನ್ನೂರು ವರ್ಷಗಳಿಂದ ಏಳುತ್ತಲೇ ಇರುವುದು.

ಡಾರ್ಸೆಟ್ ಪ್ರಾಂತದ ಲೈಮ್ ರೀಜಿಸ್, ಚಾರ್ಮತ್ ಎಂಬ ಊರುಗಳ ಬಳಿ ಕಡಲಿಗೆ ಗೋಡೆಯಂತೆ ನಿಂತಿರುವ ಬಂಡೆಗಳು ಸುಣ್ಣಕಲ್ಲು ಮತ್ತು ಜೇಡಿಪದರಗಳನ್ನು ಒಂದರಮೇಲೊಂದು ಪೇರಿಸಿದಂತಿವೆ. ಸುಮಾರು ಇಪ್ಪತ್ತು ಕೋಟಿ ವರ್ಷಗಳ ಹಿಂದೆ ಇವು ಕಡಲತಳದ ಕೆಸರಾಗಿದ್ದುವು. ಆ ಕೆಸರಿನಲ್ಲಿ ಹೂತುಹೋದ ಜೀವಿಗಳು ಕಲ್ಲಾಗಿ ಉಳಿದಿವೆ. ಇಂಥ ಉಳಿಕೆಗಳಿಗೆ ಪಳೆಯುಳಿಕೆಗಳೆಂದು ಹೆಸರು. ಚಳಿಗಾಲದ ಮಳೆಯಿಂದ ನೆನೆದ ಜೇಡಿ ಕುಸಿದು ದಡಕ್ಕೆ ಬೀಳುವುದು. ಅಲೆಗಳು ಮಣ್ಣನ್ನು ತೊಳೆದು, ಸುರುಳಿಸುತ್ತಿದ ಆಮನೈಟ್ ಚಿಪ್ಪುಗಳನ್ನೂ ಬಾಣದ ಮೊನೆಯಂಥ ಬೆಲೆಮ್ನೈಟುಗಳನ್ನೂ ಹೊರಗೆಡಹುವುವು. ಬಿರುಗಾಳಿ ಇಳಿದ ಮರುದಿನ ಕೈಯಲ್ಲಿ ಸುತ್ತಿಗೆ, ಬೆನ್ನಿಗೆ ಚೀಲ ಹಾಕಿಕೊಂಡು ಅಲ್ಲಿ ಬಗ್ಗಿ ನಡೆಯುವವರಲ್ಲಿ ಪಂಡಿತರು ಕೆಲವರೇ. ಹೆಚ್ಚಿನವರು ಬೇರೆ ಉದ್ಯೋಗವುಳ್ಳ ಹವ್ಯಾಸಿಗಳು. 2001ರಲ್ಲಿ ಈ ಕರಾವಳಿಯ 95 ಮೈಲಿಗಳನ್ನು ವಿಶ್ವಪರಂಪರೆಯ ತಾಣವೆಂದು ಸಾರಲಾಯಿತು. ಆಯ್ದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಇಂಥ ಪವಿತ್ರವಾದ ತಾಣದಿಂದ ಕಲ್ಲುಗಳನ್ನು ಹೊತ್ತುಕೊಂಡು ಹೋಗುವುದು ಲೋಕದ ಸ್ವತ್ತಿನ ಅಪಹರಣವಲ್ಲವೆ ಎಂದು ಪೂರ್ವಪಕ್ಷಿಯು ಕೇಳುವನು. ಮೇಲುನೋಟಕ್ಕೆ ಬಲವಾದ ಮಾತೇ ಸರಿ. ಆದರೆ ಅವನು ಕಡಲನ್ನು ಮರೆತಿರುವನು. ಬಂಡೆಯಿಂದ ಉದುರಿದ ಪಳೆಯುಳಿಕೆಯು ಮುಟ್ಟದೆ ಬಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ. ಕೆಲವು ಉಬ್ಬರಗಳೊಳಗಾಗಿ ಅದು ಉರುಟುಗಲ್ಲಾಗಿ, ಆಮೇಲೆ ಮರಳಾಗಿ ಹೋಗುವುದು. ದೇವಾಲಯದ ವಿಗ್ರಹವನ್ನು ಕದಿಯುವವನಿಗೂ ನೆರೆಯಲ್ಲಿ ತೇಲಿಹೋಗುತ್ತಿರುವ ವಿಗ್ರಹವನ್ನು ಹಿಡಿದು ನಿಲ್ಲಿಸುವವನಿಗೂ ವ್ಯತ್ಯಾಸವಿಲ್ಲವೆ? ಹಾಗೆಂದು ಬಂಡೆಯನ್ನೇ ಅಗೆದು ಬೀಳಿಸುವವನು ಈ ನ್ಯಾಯದ ಆಶ್ರಯ ಪಡೆಯಲಾರನು. ನೆರೆಯನ್ನು ತಂದವನೇ ಅವನು.

ಸ್ವತ್ವವು ಹುಟ್ಟುವ ಬಗೆಗಳನ್ನು ಎಣಿಸುವಾಗ ಗೌತಮನು ದಾಯ, ಕ್ರಯ, ವಿಭಾಗಗಳೊಡನೆ ಪರಿಗ್ರಹ, ಅಧಿಗಮ ಎಂಬ ಎರಡನ್ನು ಸೇರಿಸಿರುವನು. ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಈ ಎರಡನ್ನೂ ಬಿಡಿಸಿ ಹೇಳಿರುವುದು ಗಮನಾರ್ಹವಾಗಿದೆ. ಹಿಂದೆ ಯಾರಿಗೂ ಸೇರದ ನೀರು, ಹುಲ್ಲು, ಕಟ್ಟಿಗೆ ಮೊದಲಾದುವನ್ನು ತನ್ನದಾಗಿಸಿಕೊಳ್ಳುವುದು ಪರಿಗ್ರಹ. ನಿಧಿ ಮೊದಲಾದುವನ್ನು ಕಂಡು ಪಡೆಯುವುದು ಅಧಿಗಮ. ಕಟ್ಟಿಗೆ ಆಯ್ದವನು ಯಾರಿಗೂ ಹೇಳಬೇಕಾದುದಿಲ್ಲ. ನಿಧಿ ಕಂಡವನಾದರೋ ಅರಸನಿಗೆ ತಿಳಿಸಲೇಬೇಕು. ತಿಳಿಸಿದವನಿಗೆ ಆರನೆಯ ಒಂದು ಪಾಲು, ಮುಚ್ಚಿಟ್ಟು ಸಿಕ್ಕಿಬಿದ್ದವನಿಗೆ ದಂಡ. ಹಾಗಾದರೆ ಪಳೆಯುಳಿಕೆಯು ಕಟ್ಟಿಗೆಯೋ ನಿಧಿಯೋ? ಎರಡೂ ಹೌದು. ದಡದಲ್ಲಿ ನೂರಾರಾಗಿ ಬಿದ್ದಿರುವ ಸಣ್ಣ ಚಿಪ್ಪು ಕಟ್ಟಿಗೆಯ ಜಾತಿಯದು. ಹಿಂದೆ ಯಾರೂ ಕಾಣದ ಪ್ರಾಣಿಯ ಅಸ್ಥಿಪಂಜರ ನಿಧಿಯ ಜಾತಿಯದು. ಆ ಕರಾವಳಿಯವರು ಈಚೆಗೆ ತಾವೇ ಮಾಡಿಕೊಂಡಿರುವ ಕಟ್ಟಳೆಯೂ ಹೆಚ್ಚುಕಡಮೆ ಇದೇ ಆಗಿರುವುದು ಸೋಜಿಗ: ಉದುರಿದ್ದನ್ನು ಆಯಬಹುದು, ಅಪ್ಪಣೆಯಿಲ್ಲದೆ ಬಂಡೆಯನ್ನು ಅಗೆಯಬಾರದು, ಶಾಸ್ತ್ರಕ್ಕೆ ಮುಖ್ಯವಾದುದು ಸಿಕ್ಕಿದರೆ ಚಾರ್ಮತ್ತಿನ ಕೇಂದ್ರದಲ್ಲಿ ಬರೆಯಿಸಬೇಕು. ಮಿತಾಕ್ಷರೆಯನ್ನು ಅವರು ಓದಿರಲಾರರು.

ಇಷ್ಟರಿಂದ ವಸ್ತುವಿನ ಒಡೆತನ ತೀರ್ಮಾನವಾಯಿತು. ಆದರೆ ವಸ್ತುವಿನೊಡನೆ ಇನ್ನೊಂದು ಸ್ವತ್ತೂ ಇರುವುದು. ಅದರ ವಿಷಯದಲ್ಲಿ ಶಾಸ್ತ್ರಕಾರರು ಮೌನವಾಗಿರುವರು. ಅದು ಕಂಡವರ ಹೆಸರು.

ಮೇರಿ ಆ್ಯನಿಂಗ್ ಎಂಬವಳು 1799ರಲ್ಲಿ ಲೈಮ್ ರೀಜಿಸಿನಲ್ಲಿ ಒಬ್ಬ ಬಡ ಮರಗೆಲಸದವನಿಗೆ ಮಗಳಾಗಿ ಹುಟ್ಟಿದಳು. ತಂದೆಯು 1810ರಲ್ಲಿ ಸಾಲವನ್ನು ಬಿಟ್ಟು ತೀರಿಕೊಂಡನು. ಮರುವರ್ಷ ಅವಳ ಅಣ್ಣ ಜೋಸೆಫನಿಗೆ ನಾಲ್ಕಡಿ ಉದ್ದದ ಒಂದು ತಲೆಬುರುಡೆ ಸಿಕ್ಕಿತು. 1812ರಲ್ಲಿ ಮೇರಿಯು ಅದರ ಮೈಯ ಭಾಗವನ್ನು ಹುಡುಕಿ ತೆಗೆದಳು. ಆಗ ಅವಳಿಗೆ ಹದಿಮೂರು ವರ್ಷ ತುಂಬುವುದರಲ್ಲಿದ್ದಿತು. ಇಕ್ಥಿಯೋಸಾರ್ ಎಂದು ಆಮೇಲೆ ಹೆಸರಾದ ಆ ಪ್ರಾಣಿಯನ್ನು ಊರಿನ ಜಮೀನ್ದಾರನು 23 ಪೌಂಡು ಕೊಟ್ಟು ಕೊಂಡನು. 1823ರಲ್ಲಿ ಅವಳು ನೀಳಕೊರಳಿನ ಪ್ಲೀಸಿಯೋಸಾರಿನ ಪೂರ್ಣ ಅಸ್ಥಿಪಂಜರವನ್ನು ಕಂಡುಹಿಡಿದಳು. ಅಷ್ಟು ಉದ್ದವಾದ ಕೊರಳು ಇರಲಾರದೆಂದು ಫ್ರಾನ್ಸಿನ ಮಹಾಪಂಡಿತ ಕ್ಯುವಿಯೇ ಮೊದಲು ಸಂಶಯಪಟ್ಟು ಆಮೇಲೆ ಒಪ್ಪಿಕೊಂಡನು. 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಕಾನಿಬೇರ್ ಎಂಬ ವಿದ್ವಾಂಸನು ಈ ಪ್ರಾಣಿಯನ್ನು ಕುರಿತು ಉಪನ್ಯಾಸ ಮಾಡಿದನು. ಕಂಡುಹಿಡಿದವಳ ಹೆಸರನ್ನು ಎತ್ತಲಿಲ್ಲ. ಸಭೆಗೆ ಹೋಗಿ ಕೇಳೋಣವೆಂದರೆ ಆ ಸಂಘದಲ್ಲಿ ಸ್ತ್ರೀಯರಿಗೆ ಪ್ರವೇಶವೇ ಇರಲಿಲ್ಲ; ಸ್ತ್ರೀಯರು ಅದರ ಸದಸ್ಯರಾದುದು 1919ರಲ್ಲಿ.

ಅವಳು ಬರಿಯ ಕೂಲಿಯಾಗಿದ್ದಳು, ವಿದ್ಯೆ ಪಂಡಿತರದು, ಆದ್ದರಿಂದ ಹೆಸರೂ ಅವರದೇ ಎಂದು ಸಮಾಧಾನ ಹೇಳುವವರುಂಟು. ಈ ಸಮಾಧಾನ ನಿಲ್ಲದು. ಅವಳು ಪಂಡಿತರ ಲೇಖನಗಳನ್ನು ಕೈಯಾರೆ ನಕಲು ಮಾಡಿಕೊಂಡು ಓದಿದವಳು. ಕಲ್ಲಿನೊಳಗಿನದನ್ನು ತಿಳಿಯುವುದಕ್ಕಾಗಿ ಈಗಿನ ಮೀನುಗಳನ್ನು ಕೊಯ್ದು ನೋಡಿದವಳು. 1833ರಲ್ಲಿ ಒಂದು ದಿನ ಬಂಡೆ ಕುಸಿದು, ಯಾವಾಗಲೂ ಜತೆಗಿರುತ್ತಿದ್ದ ಅವಳ ನಾಯಿ ಕಣ್ಣೆದುರಿಗೇ ಸತ್ತಿತು. ಅವಳು ಕೂದಲೆಳೆಯಲ್ಲಿ ಉಳಿದಳು. ಅಂಥ ಅಪಾಯವನ್ನು ದಿನದಿನವೂ ತಲೆಯಮೇಲೆ ಹೊತ್ತವಳ ಹೆಸರನ್ನು ಬಿಟ್ಟುಬಿಡುವುದು ಮರೆವೆನಿಸಿಕೊಳ್ಳದು. ದಡದಿಂದ ಕಲ್ಲನ್ನು ಎತ್ತಿದ್ದರಲ್ಲಿ ಕಳವು ನಡೆಯಲಿಲ್ಲ, ನಡೆದುದು ಸಭಾಮಂದಿರದಲ್ಲಿ. ಎಲ್ಲರೂ ಹಾಗಿರಲಿಲ್ಲವೆನ್ನುವುದು ನ್ಯಾಯ: ಬರ್ಚ್ ಎಂಬ ಹವ್ಯಾಸಿಯು 1820ರಲ್ಲಿ ತನ್ನ ಸಂಗ್ರಹವನ್ನೇ ಹರಾಜು ಹಾಕಿಸಿ, ಬಂದ ಸುಮಾರು 400 ಪೌಂಡನ್ನು ಆ ಕುಟುಂಬಕ್ಕೆ ಕೊಟ್ಟನು. 1847ರಲ್ಲಿ ಅವಳು ತೀರಿಕೊಂಡ ಮೇಲೆ ಅದೇ ಸಂಘದಲ್ಲಿ ಅಧ್ಯಕ್ಷ ಡೆ ಲಾ ಬೀಷನು ಅವಳ ಗುಣಗಾನ ಮಾಡಿದನು. ಲೈಮಿನಲ್ಲಿ ಅವಳ ಪ್ರತಿಮೆ ನಿಂತುದು 2022ರಲ್ಲಿ.

ಹವ್ಯಾಸಿಗೂ ಇಂಥದೇ ಒಂದು ಹೊಣೆಯುಂಟು. ಯಾವ ಊರಿನ ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಡದ ಪಳೆಯುಳಿಕೆ ತಂದೆತಾಯಿಗಳ ಹೆಸರು ತಿಳಿಯದ ಕೂಸಿನಂತೆ. ಎಷ್ಟು ಚೆಲುವಾಗಿದ್ದರೂ ಅದು ತನ್ನ ಕಥೆಯನ್ನು ಹೇಳಲಾರದು. ಸ್ಟೀವ್ ಎಚಸ್ ಎಂಬ ನಲ್ಲಿಕೆಲಸದವರು ದಶಕಗಳ ಕಾಲ ಕಿಮ್ಮರಿಜ್ ಕರಾವಳಿಯೊಂದರಲ್ಲೇ ಆಯ್ದುದು 2016ರಲ್ಲಿ ಅಲ್ಲಿಯೇ ವಸ್ತುಸಂಗ್ರಹಾಲಯವಾಯಿತು. ಒಂದೇ ಕಡಲಿನ ಜೀವಿಗಳು ಚದರದೆ ಒಟ್ಟಿಗೆ ಉಳಿದುದೇ ಅದರ ಹಿರಿಮೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು: ಉತ್ತರದ ವಿಟ್ಬಿ ಎಂಬ ಊರಿನಲ್ಲಿ ಆಮನೈಟುಗಳು ಸಂತ ಹಿಲ್ಡಾಳಿಂದ ಕಲ್ಲಾದ ಹಾವುಗಳೆಂದು ಐತಿಹ್ಯ, ಹಾವಿಗೆ ತಲೆ ಬೇಕಲ್ಲವೆ ಎಂದು ವ್ಯಾಪಾರಿಗಳು ಅವುಗಳಿಗೆ ತಲೆ ಕೆತ್ತಿ ಮಾರುತ್ತಿದ್ದರು.

ಮಾರುವುದೇ ತಪ್ಪೆನ್ನುವುದಾದರೆ ಕನ್ನಡಿಗರಿಗೆ ಒಡನೆಯೇ ಸಾಲಿಗ್ರಾಮದ ನೆನಪಾಗುವುದು. ನೇಪಾಳದ ಗಂಡಕೀ ನದಿಯಿಂದ ಬಂದು ಇಲ್ಲಿನ ದೇವರ ಪೆಟ್ಟಿಗೆಗಳಲ್ಲಿ ಪೂಜೆಗೊಳ್ಳುವ ಆ ಕಪ್ಪು ಕಲ್ಲಿನೊಳಗಿನ ಚಕ್ರವೂ ಆಮನೈಟಿನ ಸುರುಳಿಯೇ. ಅದಕ್ಕೆ ಬೆಲೆಕಟ್ಟುವುದು ಪಾಪವೆಂದು ಸಂಪ್ರದಾಯ. ಆ ವಿಧಿಯು ಉಣ್ಣಲು ಇದ್ದವರಿಗೆ ಒಪ್ಪುವಂಥದು. ತಂದೆಯಿಲ್ಲದ ಹುಡುಗಿಯೊಬ್ಬಳು ಕಲ್ಲು ಮಾರಿ ಮನೆಯವರಿಗೆ ಅನ್ನ ಕಂಡಳೆಂದು ಅವಳನ್ನು ದೂಷಿಸುವುದು ಹೇಗೆ? ಅವಳ ಮೊದಲ ಇಕ್ಥಿಯೋಸಾರು ಕೈಯಿಂದ ಕೈಗೆ ಹೋಗಿ, 1819ರಲ್ಲಿ ಸುಮಾರು 45 ಪೌಂಡಿಗೆ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ಅಣ್ಣ ಕಂಡ ತಲೆಬುರುಡೆಯು ಇಂದಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ತಂಗಿಯು ಹುಡುಕಿ ತೆಗೆದ ಮೈಯ ಭಾಗವು ನಡುವೆ ಯಾವಾಗಲೋ ಅದರಿಂದ ಬೇರೆಯಾಗಿ, ಈಗ ಎಲ್ಲಿರುವುದೆಂದು ತಿಳಿಯದು.