ಭರವಸೆ ಕೊಡುವವನ ಧರ್ಮ

“ಭಯವಿಲ್ಲ, ಮುಂದೆ ನಡೆಯಿರಿ” ಎಂಬುದು ಲೋಕವ್ಯವಹಾರದಲ್ಲಿ ನಾವು ದಿನವೂ ಕೇಳುವ ಮಾತು. ವೈದ್ಯನು ರೋಗಿಗೆ ಈ ಮಾತನ್ನು ಹೇಳುತ್ತಾನೆ. ಅಂಬಿಗನು ಹೊಳೆ ದಾಟುವವನಿಗೆ ಹೇಳುತ್ತಾನೆ. ಸೇತುವೆಯನ್ನು ಕಟ್ಟಿದ ಇಂಜಿನಿಯರು ಊರಿಗೇ ಹೇಳುತ್ತಾನೆ. ಕೇಳಿದವನು ಅದನ್ನು ನಂಬಿ ತನ್ನ ಪ್ರಾಣವನ್ನು ಪಣವಾಗಿಡುತ್ತಾನೆ. ಹೇಳಿದವನು ಇಟ್ಟ ಪಣವಾವುದು? ತನಗೆ ಪೂರ್ಣವಾಗಿ ತಿಳಿಯದ, ತಿಳಿಯಲು ಸಾಧ್ಯವೂ ಆಗದ ವಿಷಯದಲ್ಲಿ ಭರವಸೆಯನ್ನು ಕೊಡಬೇಕಾಗಿ ಬಂದಾಗ ಸತ್ಯವಂತನು ನಡೆದುಕೊಳ್ಳಬೇಕಾದ ರೀತಿ ಯಾವುದು? ಪ್ರಶ್ನೆ ಹಳೆಯದು. ಆದರೆ ಕಂಪ್ಯೂಟರುಗಳಿಗೆ ಸಂಬಂಧಿಸಿದ ಒಂದು ಶಾಸ್ತ್ರದಲ್ಲಿ ಈ ಪ್ರಶ್ನೆಯು ಹಿಂದೆಂದೂ ಕಾಣದಷ್ಟು ಸ್ಪಷ್ಟವಾದ ರೂಪವನ್ನು ತಾಳಿದೆ. ಆ ಶಾಸ್ತ್ರಕ್ಕಾಗಿ ತಮ್ಮ ಬಾಳನ್ನು ಸವೆಸಿದ ಪಾತ್ರಿಕ್ ಕೂಸೋ ಮತ್ತು ರಾದಿಯಾ ಕೂಸೋ ಎಂಬ ದಂಪತಿಗಳ ಕಾರ್ಯವನ್ನು ಆಧಾರವಾಗಿಟ್ಟುಕೊಂಡು ಅದನ್ನು ಇಲ್ಲಿ ವಿಚಾರಿಸಬಹುದು.

ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸಾಲಿಗೆ ಪ್ರೋಗ್ರಾಮು ಎಂದು ಹೆಸರು. ಅದನ್ನು ಬರೆದವನು ಮನುಷ್ಯನೇ. ಬರೆದುದರಲ್ಲಿ ಗುಟ್ಟೇನೂ ಇಲ್ಲ. ಹೀಗಿದ್ದೂ ಅದು ಮುಂದೆ ಏನು ಮಾಡೀತೆಂಬುದನ್ನು ಬರೆದವನೇ ಪೂರ್ಣವಾಗಿ ಹೇಳಲಾರನು. ಒಂದೊಂದು ಕವಲಿನಲ್ಲಿಯೂ ದಾರಿ ಎರಡಾಗುತ್ತ ಹೋಗುವುದರಿಂದ, ನಡೆಯಬಹುದಾದ ದಾರಿಗಳನ್ನೆಲ್ಲ ನಡೆದು ನೋಡುವುದಕ್ಕೆ ಸೃಷ್ಟಿಯ ಆಯುಷ್ಯವೂ ಸಾಲದು. 1936ರಲ್ಲಿ ಅಲನ್ ಟ್ಯೂರಿಂಗ್ ಎಂಬ ಆಂಗ್ಲ ಗಣಿತಜ್ಞನೂ, 1953ರಲ್ಲಿ ಹೆನ್ರಿ ರೈಸ್ ಎಂಬ ಅಮೆರಿಕದ ಗಣಿತಜ್ಞನೂ ಇದಕ್ಕಿಂತ ಕಠಿಣವಾದ ಸತ್ಯವನ್ನು ಸಿದ್ಧಪಡಿಸಿ ತೋರಿಸಿದರು. ಪ್ರೋಗ್ರಾಮುಗಳ ನಡತೆಯನ್ನು ಕುರಿತ ಯಾವ ಸಾರವತ್ತಾದ ಪ್ರಶ್ನೆಗೂ, ಎಲ್ಲ ಪ್ರೋಗ್ರಾಮುಗಳ ವಿಷಯದಲ್ಲಿ, ತಪ್ಪದೆ ‘ಹೌದು’ ‘ಇಲ್ಲ’ ಎಂದು ತೀರ್ಪು ಕೊಡಬಲ್ಲ ಯಾಂತ್ರಿಕ ವಿಧಾನವು ಇರಲಾರದು. ಇದು ಇಂದಿನ ನಮ್ಮ ಅಶಕ್ತಿಯ ಮಾತಲ್ಲ. ಎಂದೆಂದಿಗೂ ದಾಟಲಾಗದ ಎಲ್ಲೆ.

ಈ ಎಲ್ಲೆಯ ಮುಂದೆ ನಿಂತ ಮನುಷ್ಯನಿಗೆ ಸುಲಭವಾದ ದಾರಿಯೊಂದುಂಟು: ಕೆಲವು ಸಲ ನಡೆಸಿ ನೋಡುವುದು, ಕೆಡುಕು ಕಾಣದಿದ್ದರೆ ಕೆಡುಕೇ ಇಲ್ಲವೆಂದು ಸಾರುವುದು. ಇದರ ಫಲ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನವರ ಏರಿಯಾನ್ 5 ಎಂಬ ಹೊಸ ರಾಕೆಟ್ಟು ಮೊದಲ ಸಲ ಮೇಲೆದ್ದಿತು. ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ ಆಕಾಶದಲ್ಲಿಯೇ ನುಚ್ಚುನೂರಾಯಿತು. ಅದೃಷ್ಟವಶಾತ್ ಅದರಲ್ಲಿ ಮನುಷ್ಯರಿರಲಿಲ್ಲ. ಅದರ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು, 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ ಸ್ಥಾನದಲ್ಲಿ ತುಂಬಲು ಯತ್ನಿಸಿದುದೇ ಈ ಅನಾಹುತಕ್ಕೆ ಕಾರಣವೆಂದು ವಿಚಾರಣೆಯಿಂದ ತಿಳಿದುಬಂದಿತು. ಆ ಪ್ರೋಗ್ರಾಮು ಹಿಂದಿನ ಏರಿಯಾನ್ 4ರಿಂದ ಬಂದುದು. ಅಲ್ಲಿ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಇಂತಹ ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಒದಗಿಸಿ, ಉಳಿದ ಮೂರು ಅಷ್ಟು ದೊಡ್ಡದಾಗಲಾರವೆಂದು ಬಿಟ್ಟಿದ್ದರು. ಹೊಸ ರಾಕೆಟ್ಟಿನ ವೇಗದ ಮುಂದೆ ಆ ಹಳೆಯ ನಂಬಿಕೆ ನಿಲ್ಲಲಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ‘ಇದುವರೆಗೆ ಕಂಡಿಲ್ಲ’ ಎಂಬ ಮಾತು, ಯಾರೂ ಗಮನಿಸದಂತೆ, ‘ಇಲ್ಲ’ ಎಂಬ ಮಾತಿನ ಪೀಠವನ್ನೇರಿ ಕುಳಿತಿತ್ತು.

ಇನ್ನೊಂದು ದಾರಿ ನೈರಾಶ್ಯದ್ದು: ಪೂರ್ಣವಾಗಿ ತಿಳಿಯಲಾಗದ ಮೇಲೆ ತಿಳಿಯುವ ಪ್ರಯಾಸವೇಕೆಂದು ಕೈಚೆಲ್ಲುವುದು. ಕೂಸೋ ದಂಪತಿಗಳು ಈ ಎರಡನ್ನೂ ಬಿಟ್ಟರು. ರಾದಿಯಾ ಅವರು 1947ರಲ್ಲಿ ಟ್ಯುನೀಸಿಯಾ ದೇಶದ ಸಾಕಿಯೆತ್ ಸಿದಿ ಯೂಸೆಫ್ ಎಂಬ ಗಡಿಯೂರಿನಲ್ಲಿ ಹುಟ್ಟಿದರು. 1958ರ ಫೆಬ್ರವರಿ 8ರಂದು ಫ್ರಾನ್ಸಿನ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿಸಿದಾಗ ಶಾಲೆಯ ಮಕ್ಕಳೂ ಮಡಿದರು. ಹತ್ತು ವರುಷದ ರಾದಿಯಾ ಬದುಕಿ ಉಳಿದರು. ಮುಂದೆ ಅವರು ವಿದ್ಯೆಗಾಗಿ ಹೋದುದು ಫ್ರಾನ್ಸಿಗೇ. ಗ್ರೆನೋಬಲ್ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ, 1948ರಲ್ಲಿ ಜನಿಸಿದ ಪಾತ್ರಿಕ್ ಅವರೊಡನೆ ಸೇರಿ ಸಂಶೋಧನೆಯನ್ನು ಮಾಡಿದರು. 1977ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಪ್ರಬಂಧದಲ್ಲಿ, ಅಮೂರ್ತ ವ್ಯಾಖ್ಯಾನವೆಂದು ನಾವು ಕರೆಯಬಹುದಾದ ವಿಧಾನವು ಮೊದಲು ಶಾಸ್ತ್ರರೂಪವನ್ನು ಪಡೆಯಿತು.

ಅದರ ಮರ್ಮವು ನಮ್ಮ ಓದುಗರಿಗೆ ಅಪರಿಚಿತವಾದುದಲ್ಲ. ಧನವನ್ನು ಋಣದಿಂದ ಗುಣಿಸಿದರೆ ಋಣ, ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬ ಸೂತ್ರಗಳನ್ನು ಬ್ರಹ್ಮಗುಪ್ತನು ಕ್ರಿ. ಶ. 628ರಲ್ಲಿಯೇ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಹೇಳಿದ್ದಾನೆ. ಎರಡು ದೊಡ್ಡ ಸಂಖ್ಯೆಗಳ ಗುಣಲಬ್ಧವು ಧನವೋ ಋಣವೋ ಎಂದಷ್ಟೇ ತಿಳಿಯಬೇಕಾದರೆ ಗುಣಾಕಾರವನ್ನು ಮಾಡಬೇಕಾದುದಿಲ್ಲ. ಚಿಹ್ನೆಗಳನ್ನು ನೋಡಿದರೆ ಸಾಕು. ಸಂಖ್ಯೆಯನ್ನು ಮರೆತು ಚಿಹ್ನೆಯನ್ನು ಮಾತ್ರ ಉಳಿಸಿಕೊಂಡೆವು. ಆದರೂ ಬಂದ ಉತ್ತರದಲ್ಲಿ ಸುಳ್ಳಿಲ್ಲ. ಇನ್ನು ಧನಕ್ಕೆ ಋಣವನ್ನು ಕೂಡಿಸಿದರೆ? ಆಸ್ತಿ ಹೆಚ್ಚೋ ಸಾಲ ಹೆಚ್ಚೋ ಎಂಬುದನ್ನು ಚಿಹ್ನೆಯೊಂದೇ ಹೇಳಲಾರದು. ಇಲ್ಲಿ ಪ್ರಾಮಾಣಿಕವಾದ ಉತ್ತರ ಒಂದೇ: ‘ತಿಳಿಯದು.’ ಕೂಸೋ ದಂಪತಿಗಳ ಶಾಸ್ತ್ರದಲ್ಲಿ ಈ ‘ತಿಳಿಯದು’ ಎಂಬುದು ನಾಚಿಕೆಯ ಮಾತಲ್ಲ. ‘ಧನ’, ‘ಋಣ’ಗಳಂತೆ ಅದೂ ಗೌರವವುಳ್ಳ ಒಂದು ಉತ್ತರ. ಪ್ರೋಗ್ರಾಮನ್ನು ನಿಜವಾದ ಸಂಖ್ಯೆಗಳಿಂದ ನಡೆಸದೆ ಇಂತಹ ಸ್ಥೂಲ ಗುಣಗಳಿಂದ ನಡೆಸಿ, ಅದರ ಸಕಲ ದಾರಿಗಳನ್ನೂ ಒಮ್ಮೆಗೇ ಒಳಕೊಳ್ಳುವ ತೀರ್ಮಾನಕ್ಕೆ ಬರುವುದೇ ಈ ವಿಧಾನ.

ಇದರಲ್ಲಿ ಅಡಗಿರುವ ನೀತಿಯನ್ನು ವಿಚಾರಿಸೋಣ. ಪೂರ್ಣಜ್ಞಾನವು ಅಸಾಧ್ಯವಾದ ಮೇಲೆ ಎಲ್ಲಿಯೋ ತಪ್ಪುವುದು ಅನಿವಾರ್ಯ. ಆದರೆ ಯಾವ ಕಡೆಗೆ ತಪ್ಪಬೇಕೆಂಬ ಆಯ್ಕೆ ನಮ್ಮ ಕೈಯಲ್ಲಿದೆ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನು ವ್ಯರ್ಥವಾಗಿ ಬೆದರುತ್ತಾನೆ, ಅಷ್ಟೆ; ಹಾವನ್ನು ಹಗ್ಗವೆಂದು ಭ್ರಮಿಸಿದವನು ಸಾಯುತ್ತಾನೆ. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅಮೂರ್ತ ವ್ಯಾಖ್ಯಾನವು ಸುರಕ್ಷಿತವಾದುದನ್ನು ಸಂಶಯಿಸಬಹುದು. ತಾನು ಪರೀಕ್ಷಿಸಿದ ದೋಷದ ವಿಷಯದಲ್ಲಿ ಅಪಾಯಕರವಾದುದನ್ನು ಸುರಕ್ಷಿತವೆಂದು ಎಂದಿಗೂ ಹೇಳದು. ಭರವಸೆಯನ್ನು ಕೊಡುವವನು ಈ ಕ್ರಮವನ್ನು ಹಿಡಿದಾಗ ತಪ್ಪಿನ ಹೊರೆ ಅವನ ಮೇಲೆಯೇ ಬೀಳುತ್ತದೆ: ಪುನಃ ನೋಡಬೇಕು, ಪುನಃ ದುಡಿಯಬೇಕು, ಹೇಡಿಯೆನಿಸಿಕೊಳ್ಳಬೇಕು. ಈ ಕ್ರಮವನ್ನು ಬಿಟ್ಟರೆ ಅದೇ ಹೊರೆಯು ಏನನ್ನೂ ಅರಿಯದ ಪಯಣಿಗನ ಮೇಲೆ ಬೀಳುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ಎಲ್ಲಕ್ಕೂ ‘ತಿಳಿಯದು’ ಎನ್ನುವವನು ಎಂದೂ ಸುಳ್ಳಾಡಿದಂತಾಗುವುದಿಲ್ಲ. ಆದರೆ ಅವನಿಂದ ಲೋಕಕ್ಕೇನು ಪ್ರಯೋಜನ? ತೋಳ ಬಂತೆಂದು ದಿನವೂ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಈ ಆಕ್ಷೇಪವು ಸಾಧುವಾದುದೇ. ಸುಳ್ಳಾಡದಿರುವುದು ಧರ್ಮದ ಅರ್ಧಭಾಗ ಮಾತ್ರ. ತಿಳಿಯದುದರ ಮೇರೆಯನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ಒತ್ತುವ ದುಡಿಮೆಯು ಇನ್ನರ್ಧ. ಕೇವಲ ಚಿಹ್ನೆಯ ಬದಲು ಮಿತಿಗಳನ್ನು ಇಟ್ಟುಕೊಂಡರೆ—ಆಸ್ತಿಯು 100ಕ್ಕೆ ಕಡಮೆಯಿಲ್ಲ, ಸಾಲವು 50ನ್ನು ಮೀರದು ಎಂದು ತಿಳಿದರೆ—‘ತಿಳಿಯದು’ ಎಂದಿದ್ದ ಕಡೆ ‘ಧನವೇ’ ಎಂದು ಧೈರ್ಯವಾಗಿ ಹೇಳಬಹುದು. ಹೀಗೆ ಸೂಕ್ಷ್ಮದಿಂದ ಸೂಕ್ಷ್ಮತರವಾದ ಗುಣಗಳನ್ನು ಕಲ್ಪಿಸುತ್ತ ಹೋದುದೇ ಆ ದಂಪತಿಗಳ ಮುಂದಿನ ಬಾಳಿನ ಚರಿತ್ರೆ. 2001ರಲ್ಲಿ ಪ್ಯಾರಿಸಿನ ಎಕೋಲ್ ನಾರ್ಮಾಲ್ ಸುಪೀರಿಯರ್ ವಿದ್ಯಾಸಂಸ್ಥೆಯಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಆಸ್ಟ್ರೇ ಎಂಬ ಪರೀಕ್ಷಕ ಪ್ರೋಗ್ರಾಮನ್ನು ಆರಂಭಿಸಿದರು. ಏರ್‌ಬಸ್ ಎ340 ವಿಮಾನದ ಹಾರಾಟವನ್ನು ನಿಯಂತ್ರಿಸುವ ಪ್ರೋಗ್ರಾಮು 1,32,000 ಸಾಲುಗಳದು. 2003ರ ನವೆಂಬರಿನಲ್ಲಿ ಆಸ್ಟ್ರೇ ಅದನ್ನು 1 ಗಂಟೆ 20 ನಿಮಿಷಗಳಲ್ಲಿ ಪರೀಕ್ಷಿಸಿ, ನಡೆಯುವಾಗ ತಲೆದೋರುವ ಒಂದು ಜಾತಿಯ ದೋಷಗಳು ಅದರಲ್ಲಿ ಒಂದೂ ಇಲ್ಲವೆಂದು ಸಿದ್ಧಪಡಿಸಿತು. ಮೊದಲ ಪ್ರಬಂಧದಿಂದ ಈ ಫಲದವರೆಗೆ 26 ವರುಷಗಳು ಕಳೆದಿದ್ದವು.

ಒಂದು ಜಾತಿಯ ದೋಷಗಳು ಎಂದೆನಷ್ಟೆ. ಸ್ಥಾನಕ್ಕೆ ಮೀರಿದ ಸಂಖ್ಯೆ, ಸೊನ್ನೆಯಿಂದ ಭಾಗಿಸುವುದು, ಪಟ್ಟಿಯ ಎಲ್ಲೆಯ ಹೊರಗೆ ಕೈಹಾಕುವುದು ಮುಂತಾದುವು ಇಲ್ಲವೆಂದು ಅದು ಹೇಳಿತೇ ಹೊರತು, ವಿಮಾನವು ಎಂದೂ ಬೀಳದೆಂದು ಹೇಳಲಿಲ್ಲ. ರೆಕ್ಕೆಯ ಲೋಹದ ಮಾತು, ಚಾಲಕನ ನಿದ್ರೆಯ ಮಾತು, ಬಿರುಗಾಳಿಯ ಮಾತು ಅದರ ವ್ಯಾಪ್ತಿಗೆ ಸೇರಿದುದಲ್ಲ. ಭರವಸೆ ಕೊಡುವವನ ಮೂರನೆಯ ಕರ್ತವ್ಯವು ಇದೇ: ಯಾವ ಪ್ರಶ್ನೆಗೆ ಉತ್ತರ ಹೇಳಿದೆನೆಂಬುದನ್ನು ಉತ್ತರದ ಜೊತೆಗೇ ಹೇಳುವುದು. ಲೋಕದಲ್ಲಿ ನಡೆಯುವ ಮೋಸಗಳೆಲ್ಲ ಸುಳ್ಳಿನಿಂದಲೇ ಆಗುವುದಿಲ್ಲ; ಕಿರಿದಾದ ಸತ್ಯವೊಂದನ್ನು ಹಿರಿದಾಗಿ ಕೇಳಿಸಿಕೊಳ್ಳಲು ಬಿಡುವುದರಿಂದಲೂ ಆಗುತ್ತವೆ.

ರಾದಿಯಾ ಕೂಸೋ ಅವರು 2014ರಲ್ಲಿ ತೀರಿಕೊಂಡರು. ಅದರ ಹಿಂದಿನ ವರುಷ ಪ್ರೋಗ್ರಾಮು ಭಾಷೆಗಳ ವಿದ್ವಾಂಸರು ತಮ್ಮ ಜೀವಮಾನ ಸಾಧನೆಯ ಪುರಸ್ಕಾರವನ್ನು ದಂಪತಿಗಳಿಬ್ಬರಿಗೂ ಜೊತೆಯಾಗಿ ಅರ್ಪಿಸಿದ್ದರು. ಆ ಶಾಸ್ತ್ರವು ಇನ್ನೂ ಮುಗಿದಿಲ್ಲ. ಟ್ಯೂರಿಂಗ್ ಮತ್ತು ರೈಸ್ ತೋರಿಸಿದ ಎಲ್ಲೆ ಇರುವವರೆಗೆ ಮುಗಿಯುವಂತೆಯೂ ಇಲ್ಲ. ಮುಗಿಯಲಾರದೆಂದು ತಿಳಿದಿದ್ದೂ ಕೈಕೊಂಡ ಕೆಲಸಕ್ಕೆ ಸಾರ್ಥಕ್ಯವುಂಟೇ ಎಂದು ಕೇಳುವವರಿರಬಹುದು. ಮನೆಯ ಹಿರಿಯರು ಮಕ್ಕಳನ್ನು ಸಾಕುವುದು, ನ್ಯಾಯಾಧೀಶನು ಸಾಕ್ಷ್ಯವನ್ನು ತೂಗುವುದು, ವೈದ್ಯನು ನಾಡಿಯನ್ನು ಹಿಡಿಯುವುದು, ಇವೆಲ್ಲವೂ ಪೂರ್ಣವಾಗಿ ತಿಳಿಯಲಾಗದ ವಿಷಯದಲ್ಲಿ ಮಾಡಲೇಬೇಕಾದ ಕೆಲಸಗಳಲ್ಲವೆ? ಅಲ್ಲೆಲ್ಲ ನಮ್ಮಿಂದ ಸರ್ವಜ್ಞತೆಯನ್ನು ಯಾರೂ ಬೇಡುವುದಿಲ್ಲ. ತಿಳಿದುದನ್ನು ತಿಳಿದಷ್ಟೇ ಹೇಳಲಿ, ತಿಳಿಯದುದನ್ನು ಮರೆಮಾಚದಿರಲಿ, ನಾಳೆ ಇನ್ನಷ್ಟು ತಿಳಿಯಲು ಶ್ರಮಿಸಲಿ ಎಂದು ಮಾತ್ರ ನಮ್ಮನ್ನು ನಂಬಿದವರು ಬಯಸುತ್ತಾರೆ. ಅವರಿಗೆ ನಾವು ಸಲ್ಲಿಸಬೇಕಾದ ಋಣ ಇಷ್ಟೇ. ಆದರೆ ಇಷ್ಟನ್ನು ಕುಂದಿಲ್ಲದೆ ಸಲ್ಲಿಸಲು ಒಂದು ಬಾಳು ಬೇಕಾಗುತ್ತದೆ.