ತಿಳಿಯದ ಮಾತು

ಕಾದಂಬರಿ ಓದುತ್ತಿರುವಾಗ ತಿಳಿಯದ ಶಬ್ದವೊಂದು ಎದುರಾದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ತಿರುಗುವುದು ಬರೆದವನ ಮೇಲೆ. "ಎಲ್ಲರಿಗೂ ತಿಳಿಯುವಂತೆ ಬರೆಯಬಾರದೆ?" ಎನ್ನುತ್ತೇವೆ. ಈ 'ಎಲ್ಲರು' ಯಾರೆಂದು ವಿಚಾರಿಸಿ ನೋಡಿದರೆ ಬಹುಮಟ್ಟಿಗೆ ಅವರು ನಾವೇ. ಪಟ್ಟಣದಲ್ಲಿದ್ದು, ಪಠ್ಯಪುಸ್ತಕದ ಕನ್ನಡವನ್ನೇ ಕನ್ನಡವೆಂದು ನಂಬಿದವರು.

ಸೋಜಿಗವೆಂದರೆ, ಪರಭಾಷೆಯ ಮುಂದೆ ನಾವು ಬಲು ವಿನಯಶಾಲಿಗಳು. ವರ್ಡ್ಸ್‌ವರ್ತನ ಡ್ಯಾಫೊಡಿಲ್ ಹೂವನ್ನು ಕಣ್ಣಿಂದ ಕಾಣದೆಯೇ ಬಾಯಿಪಾಠ ಮಾಡಿ ಪರೀಕ್ಷೆ ದಾಟಿದವರು ನಾವು. ಅದರ ಬದಲು ಸೇವಂತಿಗೆ ಎನ್ನಬಾರದಿತ್ತೆ ಎಂದು ಯಾರೂ ಆ ಕವಿಯನ್ನು ಆಕ್ಷೇಪಿಸಲಿಲ್ಲ. ಆದರೆ ಮಲೆನಾಡಿನ ಕತೆಯಲ್ಲಿ 'ಉಂಬಳ' ಎಂದು ಬಂದರೆ, "ಜಿಗಣೆ ಎಂದರೆ ಸಾಲದೆ?" ಎಂದು ಕೇಳುತ್ತೇವೆ. ಸಾಲದು. ಬಯಲುಸೀಮೆಯವನ ಜಿಗಣೆ ಕೆರೆಯ ನೀರಿನದು. ಉಂಬಳ ಮಳೆಗಾಲದ ಕಾಡುದಾರಿಯಲ್ಲಿ ಎಲೆಯ ತುದಿಯಿಂದ ಕಾಲಿಗೆ ಹತ್ತುವಂಥದು. ಶಬ್ದವನ್ನು ಬದಲಾಯಿಸಿದರೆ ಕಾಡಿನ ನಡುವೆ ಕೆರೆಯೊಂದು ಬಂದು ನಿಂತೀತು.

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಪ್ರಕಟವಾಯಿತು. ದಕ್ಷಿಣ ಕನ್ನಡದ ಹೊರಗೆ 'ದುಡಿ' ಎಂದರೇನೆಂದು ಎಷ್ಟು ಜನಕ್ಕೆ ಗೊತ್ತಿತ್ತು? ಅದೊಂದು ಚರ್ಮವಾದ್ಯ ಎಂದು ನಿಘಂಟು ಹೇಳೀತು. ಆದರೆ ಉಳಲು ಅಂಗೈಯಗಲ ನೆಲ ಸಿಕ್ಕದ ಚೋಮ ತನ್ನ ದುಃಖವನ್ನೂ ರೋಷವನ್ನೂ ಅದರ ಮೇಲೆ ಬಡಿಯುವುದನ್ನು ಓದಿದವನಿಗೆ ಆ ಶಬ್ದದ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಕಠಿಣವಾದುದೆಲ್ಲ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು, ಯಾರ ಬಾಯಲ್ಲೂ ಇಲ್ಲದ ಮಾತುಗಳನ್ನು ಹೆಕ್ಕಿ ಪೋಣಿಸುವ ಲೇಖಕರೂ ಉಂಟು. ಅಂಥವರು ವಾಚಕನಿಗೆ ತೋರಿಸುವುದು ತಮ್ಮ ಪಾಂಡಿತ್ಯವನ್ನೇ ಹೊರತು ಲೋಕವನ್ನಲ್ಲ. ಇವೆರಡನ್ನು ಬೇರ್ಪಡಿಸಲು ನನಗೆ ತೋರುವ ಒರೆಗಲ್ಲು ಒಂದೇ: ಆ ಮಾತಿಗೆ ಕತೆಯೊಳಗೆ ಒಬ್ಬ ಒಡೆಯನಿದ್ದಾನೆಯೆ? ಇದ್ದರೆ ಅದು ಇರಲಿ. ಇಲ್ಲವಾದರೆ ಬರೆದವನು ಅದನ್ನು ಧಾರಾಳವಾಗಿ ಹೊಡೆದುಹಾಕಬಹುದು.

1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಪಾತ್ರಗಳಷ್ಟೇ ಅಲ್ಲ, ಕತೆ ಹೇಳುವವನೂ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಹೇಳುತ್ತಾನೆ. ಕಣ್ಣಿಗೆ ತೊಡಕೆನಿಸಿದ ಆ ಪುಟಗಳನ್ನು ನಾನು ಗಟ್ಟಿಯಾಗಿ ಓದಿಕೊಂಡೆ. ಕಿವಿಗೆ ಅವು ಸಲೀಸಾದವು. ಅದನ್ನು 'ಶಿಷ್ಟ' ಕನ್ನಡಕ್ಕೆ ತಿದ್ದಿಬಿಡಬಹುದಿತ್ತಲ್ಲ ಎನ್ನುವವರಿದ್ದಾರೆ. ಒಬ್ಬನು ದಿನವೂ ಆಡುವ ಮಾತು ಪುಸ್ತಕಕ್ಕೆ ತಕ್ಕುದಲ್ಲವೆಂದರೆ, ಅವನ ಬಾಳೂ ಪುಸ್ತಕಕ್ಕೆ ತಕ್ಕುದಲ್ಲವೆಂದು ಹೇಳಿದಂತೆಯೇ. ಇದು ವ್ಯಾಕರಣದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ತಿಳಿಯದ ಮಾತು ಬಂದಾಗ ನಾನು ಕೂಡಲೇ ನಿಘಂಟಿಗೆ ಕೈಯಿಡುವುದಿಲ್ಲ. ಇನ್ನೆರಡು ಪುಟ ತಾಳುತ್ತೇನೆ. ಎಷ್ಟೋ ಸಲ ಕತೆಯೇ ಅರ್ಥವನ್ನು ಬಿಟ್ಟುಕೊಡುತ್ತದೆ. ಕೊಡದಿದ್ದರೆ ಆ ಕಡೆಯವರು ಯಾರಾದರೂ ಸಿಕ್ಕಾಗ ಕೇಳುತ್ತೇನೆ. ಕೇಳಿದ್ದಕ್ಕೆ ಇದುವರೆಗೆ ಯಾರೂ ಬೇಸರಿಸಿದ್ದಿಲ್ಲ. ತಮ್ಮೂರಿನ ಮಾತೊಂದನ್ನು ಹೇಳಿಕೊಡುವಾಗ ಮನುಷ್ಯರ ಮುಖ ಅರಳುತ್ತದೆ.