ನೀರಿನ ಸರದಿಯೂ ಒಂದು ಅಮಾನತ್ತು



ಬರ ಎಂದೊಡನೆ ನಮ್ಮ ಕಣ್ಣ ಮುಂದೆ ಬಿರುಕು ಬಿಟ್ಟ ಹೊಲ, ಬತ್ತಿದ ಕೆರೆಗಳು ಬರುತ್ತವೆ. ಆದರೆ ಓದಲೆಂದು ಊರು ಬಿಟ್ಟು ಹೋದ ನಮ್ಮ ಮಕ್ಕಳ ಹಾಸ್ಟೆಲ್‌ನ ನಲ್ಲಿಯವರೆಗೂ ಬರ ಬರುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿದವು. 2024ರ ಅದೇ ಮಾರ್ಚ್ ತಿಂಗಳಲ್ಲಿ ಪವಿತ್ರ ರಮಝಾನ್ ಕೂಡ ಆರಂಭವಾಗಿತ್ತು. ಬಕೆಟ್ ಹಿಡಿದು ಸಾಲಿನಲ್ಲಿ ನಿಂತ ವಿದ್ಯಾರ್ಥಿಗಳಲ್ಲಿ ಉಪವಾಸಿಗರೂ ಇದ್ದರು.

ಇಂತಹ ಸಾಲಿನಲ್ಲಿ ನಾನೂ ನಿಂತವನು. ಮದ್ರಸ ಶಿಕ್ಷಣ ಮುಗಿಸಿ ಬಿ.ಎ. ಓದಲು ಬಯಲುಸೀಮೆಯ ಒಂದು ಪಟ್ಟಣದಲ್ಲಿದ್ದೆ. ಆ ವರ್ಷವೂ ಬರ. ಹಾಸ್ಟೆಲ್‌ಗೆ ನೀರು ಬರುತ್ತಿದ್ದುದು ಬೆಳಗಿನ ಜಾವ ಒಂದು ಗಂಟೆ ಮಾತ್ರ. ಫಜ್ರ್ ನಮಾಝಿಗೆ ಏಳುತ್ತಿದ್ದ ನಾವು ನಾಲ್ಕೈದು ಮಂದಿ ಎಲ್ಲರಿಗಿಂತ ಮೊದಲು ನಲ್ಲಿಯ ಬಳಿ ಇರುತ್ತಿದ್ದೆವು. ತಲಾ ಎರಡೆರಡು ಬಕೆಟ್ ತುಂಬಿಸಿಕೊಂಡು, ಇದು ಫಜ್ರ್‌ನ ಬರಕತ್ ಎಂದು ಹಿಗ್ಗುತ್ತಿದ್ದೆವು. ಒಂದು ದಿನ ನನ್ನ ಕೋಣೆಯ ಮುಸ್ಲಿಮೇತರ ಗೆಳೆಯನಿಗೆ ಪರೀಕ್ಷೆ. ರಾತ್ರಿಯೆಲ್ಲಾ ಓದಿ ತಡವಾಗಿ ಎದ್ದವನಿಗೆ ಮುಖ ತೊಳೆಯಲೂ ನೀರಿರಲಿಲ್ಲ. ನನ್ನ ಎರಡನೆಯ ಬಕೆಟ್ ಮಂಚದ ಕೆಳಗಿತ್ತು. ಅವನು ಅದನ್ನು ನೋಡಿದ, ಆದರೆ ಕೇಳಲಿಲ್ಲ. "ಇರ್ಲಿ ಬಿಡೋ, ನಿಮಗೆ ನಮಾಜಿಗೆ ನೀರು ಬೇಕಲ್ಲ" ಎಂದು ಹಾಗೆಯೇ ಹೊರಟುಹೋದ. ಅವನು ಬೈದಿದ್ದರೆ ನಾನು ವಾದಿಸುತ್ತಿದ್ದೆನೇನೋ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಮೂದ್ ಜನಾಂಗದ ಕಥೆ ನಿಮಗೆ ಗೊತ್ತಿದೆ. ಅವರಿಗೆ ಅಲ್ಲಾಹನು ಒಡ್ಡಿದ ಪರೀಕ್ಷೆ ಯಾವುದು? ನೀರಿನ ಸರದಿ! ಒಂದು ದಿನ ಒಂಟೆ ಕುಡಿಯಬೇಕು, ಒಂದು ದಿನ ಅವರು ಕುಡಿಯಬೇಕೆಂದು ಪ್ರವಾದಿ ಸ್ವಾಲಿಹ್(ಅ) ತಿಳಿಸಿದ್ದನ್ನು ಸೂರಃ ಅಶ್ಶುಅರಾ ಹೇಳುತ್ತದೆ. ಒಂದು ಮೂಕಪ್ರಾಣಿಯ ಸರದಿಯನ್ನೂ ಸಹಿಸಲಾಗದೆ ಅವರು ಒಂಟೆಯನ್ನು ಕೊಂದರು, ನಾಶವಾದರು. ಹಾಗಿರುವಾಗ ಮನುಷ್ಯನ ಸರದಿಯನ್ನು ಕಸಿಯುವವನ ಗತಿಯೇನು? ಸೂರಃ ಅನ್ನಿಸಾದ 36ನೇ ಸೂಕ್ತವು ಒಳಿತು ಮಾಡಬೇಕಾದವರ ಪಟ್ಟಿಯಲ್ಲಿ ಪಕ್ಕದ ಸಂಗಾತಿಯನ್ನೂ ಸೇರಿಸಿದೆ. ಜೊತೆಯಲ್ಲಿ ವಿದ್ಯೆ ಕಲಿಯುವವನೂ ಇದರಲ್ಲಿ ಸೇರುತ್ತಾನೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಅವನ ಧರ್ಮ ಯಾವುದೆಂಬ ಷರತ್ತು ಅಲ್ಲಿಲ್ಲ.

"ಆದರೆ ವುಝೂಗೆ ನೀರು ಬೇಕಲ್ಲವೇ?" ಎಂದು ನೀವು ಕೇಳಬಹುದು. ಬೇಕು, ಆದರೆ ಎಷ್ಟು? ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ನಾಲ್ಕೈದು ಮುದ್ದ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಅನಸ್(ರ) ವರದಿ ಮಾಡಿದ್ದಾರೆ. ಮುದ್ದ್ ಎಂದರೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್. ಇಷ್ಟು ನೀರು ತನಗೆ ಸಾಲದೆಂದ ಒಬ್ಬನಿಗೆ ಜಾಬಿರ್(ರ), ನಿನಗಿಂತ ಹೆಚ್ಚು ಕೂದಲಿದ್ದವರಿಗೆ, ನಿನಗಿಂತ ಉತ್ತಮರಿಗೆ ಅದು ಸಾಕಾಗುತ್ತಿತ್ತೆಂದು ಉತ್ತರಿಸಿದರು. ನಲ್ಲಿ ತೆರೆದಿಟ್ಟು ವುಝೂ ಮಾಡುವ ನಾವು ಯಾರ ಸುನ್ನತ್ತನ್ನು ಪಾಲಿಸುತ್ತಿದ್ದೇವೆ? ಇರುವ ನೀರು ಬಾಯಾರಿದ ಪ್ರಾಣಿಗೆ ಬೇಕಾಗಿದ್ದರೂ ತಯಮ್ಮುಮ್ ಮಾಡಬಹುದೆಂದು ಫಿಕ್‌ಹ್ ಗ್ರಂಥಗಳು ಕಲಿಸುತ್ತವೆ. ಇನ್ನೊಬ್ಬರ ನೀರನ್ನು ಕಿತ್ತುಕೊಂಡು ಶುದ್ಧಿಯಾಗಲು ಹೊರಡುವುದು ಎಂತಹ ಶುದ್ಧಿ!

ಕಾಲೇಜಿನಲ್ಲಿರುವ ಯುವಕ ಯುವತಿಯರೇ, ಹಾಸ್ಟೆಲ್‌ನಲ್ಲಿ ನೀರು ಕಡಿಮೆಯಾದಾಗ ದೂರುವವರಲ್ಲಿ ಮೊದಲಿಗರಾಗಬೇಡಿ, ಸರದಿಯ ಪಟ್ಟಿ ಬರೆಯುವವರಲ್ಲಿ ಮೊದಲಿಗರಾಗಿ. ವುಝೂಗೆ ಒಂದು ಚೊಂಬು ಇಟ್ಟುಕೊಳ್ಳಿ. ಸೋರುವ ನಲ್ಲಿಯನ್ನು ವಾರ್ಡನ್ ಗಮನಕ್ಕೆ ತನ್ನಿ. ಬೇಗ ಎದ್ದವನು ಮಲಗಿದವನ ಬಕೆಟ್ಟನ್ನೂ ತುಂಬಿಸಿಡಲಿ. ಫಜ್ರ್‌ನ ನಿಜವಾದ ಬರಕತ್ ಅದು.

ಹೆತ್ತವರಿಗೂ ಒಂದು ಮಾತು. ಫೋನಿನಲ್ಲಿ ಅಂಕಗಳನ್ನು ಮಾತ್ರ ವಿಚಾರಿಸಬೇಡಿ, ನೀರಿದೆಯೇ ಎಂದೂ ಕೇಳಿ. ಶೌಚಾಲಯದಲ್ಲಿ ನೀರಿಲ್ಲವೆಂದು ದಿನವಿಡೀ ನೀರು ಕುಡಿಯದೆ ಇರುವ ಹೆಣ್ಣುಮಕ್ಕಳಿದ್ದಾರೆ. ಅದರಿಂದ ಮೂತ್ರದ ಸೋಂಕು ತಗಲುತ್ತದೆ. ತಿಂಗಳ ದಿನಗಳಲ್ಲಂತೂ ಅವರ ಪಾಡು ಹೇಳತೀರದು. ನಾಚಿಕೆಯಿಂದ ಅವರು ಬಾಯಿ ಬಿಡುವುದಿಲ್ಲ. ತಾಯಂದಿರೇ ಕೇಳಬೇಕು, ಕಾಲೇಜಿನವರೊಡನೆ ಮಾತಾಡಬೇಕು. ಬೆಳೆ ಕೈಕೊಟ್ಟ ಮನೆಯ ಹುಡುಗ ಮೆಸ್ ಬಿಲ್ ಕಟ್ಟಲಾಗದೆ ಓದು ಬಿಟ್ಟು ಹಿಂದಿರುಗುವುದೂ ಬರದ ಇನ್ನೊಂದು ಮುಖ. ಝಕಾತ್ ಕೊಡುವವರ ಕಣ್ಣಿಗೆ ಅವನೂ ಬೀಳಲಿ.

ಮಳೆ ಬಾರದಾಗ ನಾವು ಬಯಲಿನಲ್ಲಿ ಸೇರಿ ಇಸ್ತಿಸ್ಕಾ ನಮಾಝ್ ನಿರ್ವಹಿಸುತ್ತೇವೆ. ಅದಕ್ಕೆ ಮುನ್ನ ತೌಬಾ ಮಾಡಬೇಕು, ದಾನ ಕೊಡಬೇಕು, ಕಸಿದುಕೊಂಡ ಹಕ್ಕುಗಳನ್ನು ಮರಳಿಸಬೇಕು ಎಂದು ವಿದ್ವಾಂಸರು ಕಲಿಸಿದ್ದಾರೆ. ಅಂದು ಸಂಜೆ ನಾನು ಗೆಳೆಯನಲ್ಲಿ ಕ್ಷಮೆ ಕೇಳಿದೆ. ಅವನು ನಕ್ಕು ಮರೆತ. ಆದರೆ ಮಂಚದ ಕೆಳಗಿನ ಆ ಬಕೆಟ್ಟನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮೆಲ್ಲರ ಮಂಚದ ಕೆಳಗೂ ಅಂತಹ ಒಂದು ಬಕೆಟ್ ಇದೆಯೇ ಎಂದು ಮೊದಲು ನೋಡಿಕೊಳ್ಳೋಣ, ಆಮೇಲೆ ಆಕಾಶದತ್ತ ಕೈಯೆತ್ತೋಣ.

ಅಲ್ಲಾಹನು ನಮ್ಮ ನಾಡಿಗೆ ಸಮೃದ್ಧ ಮಳೆಯನ್ನೂ, ಅದನ್ನು ಹಂಚಿಕೊಳ್ಳುವ ಮನಸ್ಸನ್ನೂ ದಯಪಾಲಿಸಲಿ. ಆಮೀನ್.